ಎದುರು ಮನೆಯ ಅತ್ತೆಯ ಅರಿಶಿನ

ಅವರ ಎರಡೂ ಅಂಗೈಗಳು ಮಣಿಕಟ್ಟಿನವರೆಗೆ ಹಳದಿಯಾಗಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೂ ಆ ಬಣ್ಣ ಬಿಡುತ್ತಿರಲಿಲ್ಲ; ಉಗುರಿನ ಸಂದುಗಳಲ್ಲಂತೂ ಕಿತ್ತಳೆಗೆ ತಿರುಗಿ ನಿಂತುಬಿಟ್ಟಿತ್ತು. ಹಣೆಯಲ್ಲಿ ಕುಂಕುಮವಿಲ್ಲದ, ಬಳೆ ತೊಡದ ಹೆಂಗಸಿನ ಕೈಗೆ ಸದಾ ಅರಿಶಿನ ಮೆತ್ತಿಕೊಂಡಿರುವುದನ್ನು ಕಂಡು, ನಮ್ಮ ಬೀದಿಗೆ ಹೊಸದಾಗಿ ಬಂದವರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಿದ್ದರು. ನಮಗೆ ಅದು ಹುಟ್ಟಿದಾಗಿನಿಂದ ಕಂಡ ನೋಟ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿ ಅವರದು ನಮ್ಮ ಎದುರಿನ ಮನೆ. ರಕ್ತಸಂಬಂಧವೇನೂ ಇರಲಿಲ್ಲ. ನನ್ನ ತಂದೆ ಅವರನ್ನು ಅಕ್ಕ ಎನ್ನುತ್ತಿದ್ದುದರಿಂದ ನನಗೆ ಅವರು ಅತ್ತೆಯಾದರು. ತಂದೆ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಅತ್ತೆ ಅರಿಶಿನ ಕುಟ್ಟಿ ಮಾರುತ್ತಿದ್ದರು. ಸಾರಿನ ಪುಡಿಯನ್ನೂ ಮಾಡುತ್ತಿದ್ದರಾದರೂ ಅವರಿಗೆ ಹೆಸರು ಬಂದದ್ದು ಅರಿಶಿನದಿಂದಲೇ. ಮದುವೆಯ ಮನೆಗಳವರು ಹೆಣ್ಣಿಗೆ ಹಚ್ಚುವ ಅರಿಶಿನವನ್ನು ಅವರಲ್ಲಿಂದಲೇ ಒಯ್ಯುತ್ತಿದ್ದರು. ಆದರೆ ಆ ಶಾಸ್ತ್ರದ ಹೊತ್ತಿನಲ್ಲಿ ಅತ್ತೆಯನ್ನು ಯಾರೂ ಮುಂದಕ್ಕೆ ಕರೆಯುತ್ತಿರಲಿಲ್ಲ. ಅವರು ಹಿತ್ತಲಿನ ಕಡೆ ನಿಂತು, ತಮ್ಮ ಪುಡಿ ಮದುವಣಗಿತ್ತಿಯ ಕೆನ್ನೆಗೆ ಹೇಗೆ ಹತ್ತಿದೆ ಎಂದು ಇಣುಕಿ ನೋಡಿ ಮನೆಗೆ ಬರುತ್ತಿದ್ದರು.

ಅರಿಶಿನದ ಕೊಂಬನ್ನು ಅವರು ಅಂಗಡಿಯಲ್ಲಿ ಕೊಂಡವರಲ್ಲ. ತೂಬಗೆರೆ ಕಡೆಯ ರೈತರೊಬ್ಬರು ತಮ್ಮ ತೋಟದ ಅಂಚಿನಲ್ಲಿ ಒಂದಿಷ್ಟು ಬೆಳೆಯುತ್ತಿದ್ದರು. ಅತ್ತೆ ಅಲ್ಲಿಗೇ ಹೋಗಿ, ಕೊಂಬುಗಳನ್ನು ಒಂದೊಂದಾಗಿ ಒದ್ದೆಬಟ್ಟೆಯಲ್ಲಿ ಉಜ್ಜಿ, ಬಟ್ಟೆಗೆ ಬಣ್ಣ ಹತ್ತುತ್ತದೆಯೇ ಎಂದು ನೋಡುತ್ತಿದ್ದರು. ಒಂದನ್ನು ಮುರಿದು ಒಳಭಾಗವನ್ನು ಬೆಳಕಿಗೆ ಹಿಡಿಯುತ್ತಿದ್ದರು. ಚೂರನ್ನು ಹಲ್ಲಿನಲ್ಲಿ ಕಡಿದು, ಕಹಿಯು ನಾಲಗೆಯ ಬುಡಕ್ಕೆ ಮುಟ್ಟುವವರೆಗೆ ಮಾತಾಡದೆ ನಿಲ್ಲುತ್ತಿದ್ದರು. ಹಿಟ್ಟಿನ ಗಿರಣಿ ಬೀದಿಯ ಕೊನೆಯಲ್ಲೇ ಇದ್ದರೂ ಅಲ್ಲಿಗೆ ಕೊಡುತ್ತಿರಲಿಲ್ಲ. "ಮಿಷನ್ನಾಗೆ ಯಾರ್ದೋ ಮೆಣ್ಸಿನಕಾಯಿ, ಯಾರ್ದೋ ಹುಳ ಬಿದ್ದ ರಾಗಿ. ಎಲ್ಲಾ ಸೇರ್ಕೊಂಡು ಬರ್ತೈತೆ" ಎಂದು ಒರಳಿನಲ್ಲೇ ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸುತ್ತಿದ್ದರು. ಪೊಟ್ಟಣ ಕಟ್ಟುವುದು ಮುತ್ತುಗದ ಎಲೆಯಲ್ಲಿ. ಹಳೆಯ ಪತ್ರಿಕೆಯ ಹಾಳೆ ಸುಲಭವಲ್ಲವೇ ಎಂದು ನನ್ನ ತಾಯಿ ಕೇಳಿದ್ದಕ್ಕೆ, "ಅಕ್ಷರ ಓದೋಕೆ ಕಣಮ್ಮ, ತಿನ್ನೋಕಲ್ಲ" ಎಂದಿದ್ದರು.

ತಿನ್ನುವ ಪ್ರತಿಯೊಂದು ಪದಾರ್ಥದ ವಿಷಯದಲ್ಲಿಯೂ ಅವರಿಗೆ ಇದೇ ಶಂಕೆ. ಬೆಲ್ಲ ಕಪ್ಪಗಿರಬೇಕು. ಅಂಗಡಿಯಲ್ಲಿ ಹೊಳೆಯುವ ಹಳದಿ ಬೇಳೆಯನ್ನು ಮೂರು ಸಲ ತೊಳೆದು, ಮೂರು ಸಲದ ನೀರನ್ನೂ ನೋಡುತ್ತಿದ್ದರು. ವನಸ್ಪತಿ ತುಪ್ಪದ ಡಬ್ಬ ನಮ್ಮ ಮನೆಗೆ ಮೊದಲ ಸಲ ಬಂದಾಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತುಪ್ಪ ಅಂದ್ಮೇಲೆ ಯಾವ್ದೋ ಒಂದು ಹಸು ಇರ್ಬೇಕಲ್ಲ? ಇದ್ರದ್ದು ಎಲ್ಲೈತೆ?" ಎಂದರು. ಅಂಗಡಿಯಿಂದ ಬಂದ ಡಬ್ಬ ಪೊಟ್ಟಣಗಳನ್ನೆಲ್ಲ ನನ್ನ ಮುಂದೆ ಇಟ್ಟು ಓದಿಸುವುದು ಅವರ ರೂಢಿಯಾಗಿತ್ತು. ಆಗ ನಾನು ಮಾಧ್ಯಮಿಕ ಶಾಲೆಯಲ್ಲಿದ್ದೆ. ಇಂಗ್ಲಿಷಿನ ಪದಗಳ ಅರ್ಥ ನನಗೆ ತಿಳಿಯುತ್ತಿರಲಿಲ್ಲ. ಆದರೆ ಆ ಮಾತನ್ನು ಒಪ್ಪಿಕೊಳ್ಳದೆ ಏನೋ ಒಂದು ಹೇಳುತ್ತಿದ್ದೆ. ಅತ್ತೆ ಅದನ್ನು ಪೂರ್ಣವಾಗಿ ನಂಬುತ್ತಿದ್ದರು.

ಈ ಭಯಕ್ಕೆ ಒಂದು ಕಾರಣವಿತ್ತು. ಅವರಿಗೊಬ್ಬಳು ಮಗಳಿದ್ದಳಂತೆ. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಸಂತೆಯಲ್ಲಿ ಕೊಡಿಸಿದ ಗುಲಾಬಿ ಬಣ್ಣದ ಮಿಠಾಯಿಯನ್ನು ತಿಂದ ಮಗುವಿಗೆ ವಾಂತಿ ಹತ್ತಿ ಎರಡೇ ದಿನದಲ್ಲಿ ಹೋಯಿತು. ಮಿಠಾಯಿಯಿಂದಲೇ ಹೋಯಿತೆಂದು ವೈದ್ಯರು ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. "ನಾನೇ ಕೈಯಾರ ಕೊಟ್ಟೆ" ಎಂದು ಅತ್ತೆ ಒಮ್ಮೆ ಮಾತ್ರ ನನ್ನ ತಾಯಿಯ ಮುಂದೆ ಹೇಳಿದ್ದು ನನಗೆ ನೆನಪಿದೆ. ಹೇಳಿದವರು ಅಳಲಿಲ್ಲ. ಎದ್ದು ಹೋಗಿ ಒರಳನ್ನು ತೊಳೆದರು.

ನಾನು ಬೆಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದಾಗ ನಮ್ಮ ಬೀದಿಗೆ ಅದು ಮೊದಲ ಪದವಿ. ಅತ್ತೆ ಅವಲಕ್ಕಿಗೆ ಕಪ್ಪು ಬೆಲ್ಲ ಹಾಕಿ ತಂದು, ಮನೆಮನೆಗೂ ಕೊಟ್ಟು, "ಇನ್ಮೇಲೆ ಯಾರೂ ನಮ್ಗೆ ಏನೂ ತಿನ್ಸೋಕಾಗಲ್ಲ. ನಮ್ಮುಡುಗ ಐತೆ" ಎಂದರು. ನನ್ನ ಪದವಿಯ ಪ್ರಯೋಜನವನ್ನು ಅವರಷ್ಟು ಸ್ಪಷ್ಟವಾಗಿ ಅಂದು ಯಾರೂ ಹೇಳಲಿಲ್ಲ.

ಎಪ್ಪತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ಕಲಬೆರಕೆಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿತ್ತು. ಪೇಟೆಯ ಅರಿಶಿನಕ್ಕೆ ಬಟ್ಟೆಗೆ ಹಾಕುವ ಹಳದಿ ಬಣ್ಣವನ್ನು ಬೆರೆಸುತ್ತಾರೆಂದು ಒಂದು ದಿನ ನಮ್ಮ ಜಗಲಿಯ ಮೇಲೆ ಓದಿ ಹೇಳಿದೆ. ಬೀದಿಯ ಹೆಂಗಸರು ನೆರೆದಿದ್ದರು. ಕೊನೆಮನೆಯಾಕೆ, ನಾಲಗೆ ಸ್ವಲ್ಪ ಚೂಪು, "ನಮ್ಗೇನ್ ಬುಡು, ನಮ್ ಪುಡಿಯಮ್ಮ ಇಲ್ವಾ? ಆದ್ರೂ ಒಳಗಿಂದು ಕಂಡೋರ್ ಯಾರು?" ಎಂದು ನಕ್ಕಳು.

ಅತ್ತೆ ನಗಲಿಲ್ಲ. "ನೋಡೋಕೆ ಬತ್ತೈತೇನಪ್ಪ? ಬತ್ತೈತೆ ಅಂದ್ರೆ ನೋಡ್ಬುಡು. ಎಲ್ಲಾರ ಮುಂದೇನೇ ನೋಡು" ಎಂದು ನನ್ನ ಕಡೆ ತಿರುಗಿದರು.

ಅಂತಹದೊಂದು ಪರೀಕ್ಷೆಯನ್ನು ನಾನು ಓದಿದ್ದೆ. ಅರಿಶಿನದ ಮೇಲೆ ಆಮ್ಲದ ಹನಿಗಳನ್ನು ಹಾಕಬೇಕು. ಬಣ್ಣ ಬೆರೆತಿದ್ದರೆ ನೇರಳೆಗೆಂಪಾಗುತ್ತದೆ. ಮುಂದಿನ ವಾರ ಕಾಲೇಜಿಗೆ ಹೋಗಿ, ಪ್ರಯೋಗಾಲಯದವರನ್ನು ಕೇಳಿ, ಗಾಜಿನ ಬಿರಡೆಯ ಪುಟ್ಟ ಸೀಸೆಯಲ್ಲಿ ಆಮ್ಲವನ್ನು ತಂದೆ. ಅತ್ತೆಯ ಪುಡಿ ಶುದ್ಧವೆಂಬುದರಲ್ಲಿ ನನಗೆ ಕಿಂಚಿತ್ತೂ ಸಂದೇಹವಿರಲಿಲ್ಲ. ಕೊನೆಮನೆಯಾಕೆಯ ಬಾಯಿ ಮುಚ್ಚಿಸಬೇಕೆಂಬುದೇ ಉದ್ದೇಶವಾಗಿತ್ತು ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಆ ಸೀಸೆಯನ್ನು ಎಲ್ಲರ ಮುಂದೆ ತೆರೆಯುವ ಆಸೆಯೂ ಇತ್ತೆಂಬುದನ್ನು ಸೇರಿಸದಿದ್ದರೆ ಪೂರ್ಣ ಸತ್ಯವೂ ಆಗದು.

ಪಿಂಗಾಣಿ ಬಟ್ಟಲಿನಲ್ಲಿ ಚಿಟಿಕೆ ಅರಿಶಿನ ಹಾಕಿ, ಹನಿಗಳನ್ನು ಬಿಟ್ಟೆ. ಬಿಟ್ಟ ತಕ್ಷಣ ಹಳದಿಯು ನೇರಳೆ ಬೆರೆತ ಕೆಂಪಾಯಿತು.

ಎರಡನೆಯ ಸಲ ಹಾಕಿದೆ, ಅದೇ ಬಣ್ಣ. ಅತ್ತೆ ಬಟ್ಟಲಿನ ಹತ್ತಿರ ಬಗ್ಗಿ ನೋಡಿದರು.

"ಹಂಗಂದ್ರೆ?"

"ಬಣ್ಣ ಬೆರೆತಿದೆ, ಅತ್ತೆ" ಎಂದೆ.

"ಅರಿಶಿನಕ್ಕೆ ಸುಣ್ಣ ಬಿದ್ರೂ ಕೆಂಪಾಗಲ್ವೇನೋ? ಓಕುಳಿ ನೀರು ಮತ್ತೆ ಹೆಂಗ್ ಮಾಡ್ತೀವಿ?" ಎಂದು ನನ್ನ ತಾಯಿ ಒಳಗಿನಿಂದ ಕೇಳಿದರು.

"ಇದು ಸುಣ್ಣವಲ್ಲಮ್ಮ, ಆಮ್ಲ. ನಿನಗೆ ತಿಳಿಯದು" ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಅತ್ತೆ ನನ್ನೊಡನೆ ವಾದಿಸಲಿಲ್ಲ. ವಾದಿಸಿದ್ದರೆ ಪ್ರಾಯಶಃ ನಾನು ಪುಸ್ತಕವನ್ನು ಮತ್ತೆ ತೆರೆಯುತ್ತಿದ್ದೆ. ಅವರು ಕೇಳಿದ್ದು ಬೇರೆಯೇ: "ಇದ್ನ ತಿಂದ ಮಕ್ಳಿಗೆ ಏನಾಗ್ತೈತೆ?" ಪತ್ರಿಕೆಯಲ್ಲಿ ಇದ್ದುದನ್ನು ನಾನು ಕ್ರಮವಾಗಿ ಹೇಳಿದೆ. ಹೊಟ್ಟೆಗೆ ಏನಾಗುತ್ತದೆ, ಯಕೃತ್ತಿಗೆ ಏನಾಗುತ್ತದೆ, ಯಾವುದನ್ನೂ ಬಿಡಲಿಲ್ಲ. ಅವರು ತಲೆಯಾಡಿಸುತ್ತಾ ಕೇಳಿ, ಮನೆಗೆ ಹೋಗಿ, ಮಡಕೆಯಲ್ಲಿದ್ದ ಪುಡಿಯನ್ನೂ ಕುಟ್ಟಲು ಇಟ್ಟಿದ್ದ ಕೊಂಬನ್ನೂ ತಂದು ತಿಪ್ಪೆಗೆ ಸುರಿದರು. ಅನಂತರ ಒಂದೊಂದು ಮನೆಯ ಬಾಗಿಲಲ್ಲೂ ನಿಂತು, "ನನ್ ಪುಡಿ ಏನಾರ ಮಿಕ್ಕಿದ್ರೆ ಚೆಲ್ಬುಡಿ ಕಣಮ್ಮ. ನಂಗೊತ್ತಾಗ್ಲಿಲ್ಲ" ಎಂದು ಹೇಳಿಬಂದರು. ಜನ ಅವರನ್ನು ದೂರುವುದಕ್ಕೆ ಮೊದಲೇ ಅವರು ತಮ್ಮನ್ನು ತಾವೇ ದೂರಿಕೊಂಡಿದ್ದರು.

ಆ ಮೇಲೆ ಒರಳಿನ ಸದ್ದು ನಿಂತಿತು. ತೂಬಗೆರೆಯ ರೈತರನ್ನು ಕೇಳಿದರೆ ಅವರು ಕೊಂಬಿನ ಮೇಲೆ ಆಣೆ ಮಾಡಿದರಂತೆ. ಅತ್ತೆ ನಂಬಲಿಲ್ಲ, ಅವರು ನಂಬಿದ್ದು ನನ್ನನ್ನು. ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕಿ ದಿನ ಕಳೆಯತೊಡಗಿದರು. ಬೀದಿಯ ಮಗುವೊಂದಕ್ಕೆ ಕಾಮಾಲೆಯಾದಾಗ ಕೊನೆಮನೆಯಾಕೆ, "ಯಾರ್ ಯಾರ್ ಮನೆ ಪುಡಿ ತಿಂದಿತ್ತೋ ಪಾಪ" ಎಂದಳು. ಆ ಮಗು ಗುಣವಾಗುವವರೆಗೂ ಅತ್ತೆ ಒಪ್ಪೊತ್ತು ಉಂಡರೆಂದು ನನ್ನ ತಾಯಿ ಹೇಳಿದರು.

ಅಷ್ಟರಲ್ಲಿ ನನಗೆ ತ್ಯಾಮಗೊಂಡ್ಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ದೊರೆತು, ನಾನು ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ. ಅತ್ತೆ ತಮ್ಮ ಹಿತ್ತಲನ್ನು ಅಗೆದು ಒಂದು ಪಾತಿ ಮಾಡಿದ್ದರು. ಎಲ್ಲಿಂದಲೋ ಹಸಿ ಗೆಡ್ಡೆ ತಂದು, ಅರಿಶಿನ ನೆಟ್ಟಿದ್ದರು. ಸುಮಾರು ಹತ್ತು ತಿಂಗಳು ಅದಕ್ಕೆ ತಾವೇ ನೀರು ಹೊತ್ತು, ಎಲೆ ಒಣಗಿದ ಮೇಲೆ ಕಿತ್ತು, ಬೇಯಿಸಿ, ಬಿಸಿಲಿಗೆ ಹಾಕಿ, ಒಂದು ಹಿಡಿ ಕುಟ್ಟಿದರು. ನಾನು ರಜೆಗೆ ಬಂದ ಬೆಳಿಗ್ಗೆ ಅದನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದರು. ಈ ಸಲ ಯಾರನ್ನೂ ಕರೆದಿರಲಿಲ್ಲ.

"ನೋಡಪ್ಪ. ಇದು ಸರಿ ಇದ್ರೆ ಮತ್ತೆ ಕುಟ್ತೀನಿ."

ಕಾಲೇಜಿನಿಂದ ತಂದ ಸೀಸೆ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು. ಹನಿ ಬಿಟ್ಟೆ. ಪುಡಿ ಕೆಂಪಾಯಿತು.

ಅತ್ತೆ, "ಇದಕ್ಕೆ ಯಾರೂ ಕೈ ಹಾಕಿಲ್ಲ ಕಣಪ್ಪ. ನಾನೇ ನೆಟ್ಟಿದ್ದು. ಹಂಗಾದ್ರೆ ಮಣ್ಣಲ್ಲೇ ಸೇರ್ಕೊಂಡೈತಾ?" ಎಂದರು.

ಮಧ್ಯಾಹ್ನದ ಬಸ್ಸಿಗೇ ಬೆಂಗಳೂರಿಗೆ ಹೋಗಿ, ನನಗೆ ರಸಾಯನಶಾಸ್ತ್ರ ಹೇಳಿದ ಅಧ್ಯಾಪಕರ ಮುಂದೆ ಆ ಪುಡಿಯನ್ನು ಇಟ್ಟು, ನಡೆದುದನ್ನು ವಿವರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಆಮೇಲೆ ನೀರು ಹಾಕಿದೆಯಾ?"

ಹಾಕಿರಲಿಲ್ಲ. ಅಪ್ಪಟ ಅರಿಶಿನವೂ ಆಮ್ಲಕ್ಕೆ ಕೆಂಪಾಗುತ್ತದೆ. ಅನಂತರ ನೀರು ಬೆರೆಸಬೇಕು. ಕೆಂಪು ಹೋಗಿ ಹಳದಿ ಮರಳಿದರೆ ಶುದ್ಧ, ಕೆಂಪು ಹಾಗೆಯೇ ನಿಂತರೆ ಬೆರಕೆ. ಪುಸ್ತಕದಲ್ಲಿ ಆ ಎರಡನೆಯ ವಾಕ್ಯವೂ ಇತ್ತು. ನಾನು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅತ್ತೆಯ ಅಡುಗೆಮನೆಯಲ್ಲಿ ಕುಳಿತು, ಅವರ ಕಣ್ಣ ಮುಂದೆಯೇ ಪುಡಿಗೆ ಆಮ್ಲ ಹಾಕಿ, ಮೇಲೆ ನೀರು ಸುರಿದೆ. ಕೆಂಪು ಕರಗಿ ಹಳದಿ ತೇಲಿತು. ನನ್ನ ತಪ್ಪನ್ನು ಎಷ್ಟು ಸರಳವಾಗಿ ಸಾಧ್ಯವೋ ಅಷ್ಟು ಸರಳವಾಗಿ ಹೇಳಿದೆ. ಅವರು ಬಟ್ಟಲನ್ನು ಎತ್ತಿಕೊಂಡು ಬೆಳಕಿನ ಕಡೆ ಹಿಡಿದರು.

"ಆವತ್ತೂ ನಿಮ್ಮನೆ ಜಗಲಿ ಮ್ಯಾಲೆ ನೀರಿನ ಚೊಂಬು ಇತ್ತಲ್ಲಪ್ಪ" ಎಂದರು.

ಅದು ದೂರಲ್ಲ. ಇಷ್ಟು ಹತ್ತಿರವಿತ್ತಲ್ಲ ಎಂಬ ಆಶ್ಚರ್ಯ ಮಾತ್ರ ಆ ದನಿಯಲ್ಲಿತ್ತು. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

"ಎಲ್ಲರನ್ನೂ ಕರೆದು, ನನ್ನದೇ ತಪ್ಪೆಂದು ಇವತ್ತೇ ಹೇಳುತ್ತೇನೆ, ಅತ್ತೆ" ಎಂದೆ.

"ಬ್ಯಾಡ." ಅವರು ನನ್ನ ಕೈ ಹಿಡಿದುಕೊಂಡರು. "ನೀನೀಗ ಮೇಷ್ಟ್ರು. ಇವ್ನೇ ತಪ್ಪು ನೋಡ್ದ ಅಂದ್ರೆ ನಾಳೆ ನಿನ್ ಪಾಠ ಯಾರ್ ಕೇಳ್ತಾರೆ? ನಂಗೇನು, ವಯಸ್ಸಾಯ್ತು, ಕುಟ್ಟೋಕೂ ಆಗಲ್ಲ. ನಾನು ಯಾರ್ಗೂ ಏನೂ ತಿನ್ಸಿಲ್ಲ ಅಂತ ನಂಗ್ ಗೊತ್ತಾಯ್ತಲ್ಲ. ಅಷ್ಟ್ ಸಾಕು. ನಿಮ್ಮಮ್ಮಂಗೂ ಹೇಳ್ಬ್ಯಾಡ."

ನಾನು ಎರಡು ಸಲ ಒತ್ತಾಯಿಸಿದೆ. ಮೂರನೆಯ ಸಲ ಒತ್ತಾಯಿಸಲಿಲ್ಲ. ಅವರ ಮಾತಿಗೆ ಗೌರವ ಕೊಟ್ಟೆನೆಂದು ಅನೇಕ ವರ್ಷ ನನಗೆ ನಾನೇ ಹೇಳಿಕೊಂಡೆ. ವಾಸ್ತವವಾಗಿ ಅವರ ಮಾತು ನನಗೆ ಅನುಕೂಲವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ನಾಲ್ಕು ದಿನದ ಜ್ವರ ಅಷ್ಟೆ. ತಂದೆಯೇ ತಮ್ಮನ ಸ್ಥಾನದಲ್ಲಿ ನಿಂತು ಕಾರ್ಯ ಮಾಡಿದರು. ತಿಥಿಯ ಊಟಕ್ಕೆ ಬೀದಿಯವರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ ಕೊನೆಮನೆಯಾಕೆ, ಈ ಸಲ ನಿಜವಾದ ಕನಿಕರದಿಂದಲೇ, "ಬಂಗಾರದಂಥ ಹೆಂಗ್ಸು. ಆ ಅರಿಶಿನಕ್ಕೆ ಬಣ್ಣ ಹಾಕ್ದೋರು ಯಾರೋ ಏನೋ, ಇವ್ಳ ತಲೆಗೆ ಬಂತು. ಅಲ್ವಾ ಮೇಷ್ಟ್ರೇ?" ಎಂದು ನನ್ನನ್ನು ಕೇಳಿದಳು.

ಇಡೀ ಪಂಕ್ತಿ ನನ್ನ ಕಡೆ ನೋಡಿತು. ಪಕ್ಕದಲ್ಲಿ ನನ್ನ ತಾಯಿ ಅನ್ನದ ಪಾತ್ರೆ ಹಿಡಿದು ನಿಂತಿದ್ದರು. ನಾನು ತಲೆ ತಗ್ಗಿಸಿ, ಎಲೆಯ ಮೇಲಿದ್ದುದನ್ನು ಕಲಸಿಕೊಂಡೆ. ತಲೆ ತಗ್ಗಿಸಿದ್ದನ್ನು ಅವರು ಹೌದೆಂದೇ ತಿಳಿದರು.

ಆ ಪಂಕ್ತಿಯಲ್ಲಿ ಉಂಡವರಲ್ಲಿ ಈಗ ಬದುಕಿರುವವರು ಕಡಿಮೆ. ನನ್ನ ತಾಯಿಯೂ ಇಲ್ಲ. ಆದರೂ ಅಂದು ಹೇಳಬೇಕಾಗಿದ್ದ ಮಾತನ್ನು, ಕೇಳುವವರು ಯಾರೇ ಇರಲಿ, ಬರೆದಿಡುತ್ತಿದ್ದೇನೆ. ನಮ್ಮ ಎದುರು ಮನೆಯ ಅತ್ತೆ ಮಾರಿದ ಅರಿಶಿನದಲ್ಲಿ ಅರಿಶಿನವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಪರೀಕ್ಷೆ ಮಾಡಿದವನು ನಾನು. ತಪ್ಪು ನನ್ನದು.