ಕಮಲಾಪುರದ ಚಾವಡಿಯಲ್ಲಿ ಕೇಳಿದ ಅಂಕಿತ

ಸತ್ತವರ ದನಿ ಕೇಳಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎದುರಿಗೇ ನಗುತ್ತಿದ್ದೆ, ಮರ್ಯಾದೆಗೆಂದು ನಗು ನುಂಗಿದವನಲ್ಲ. ನಾನು ರೇಡಿಯೋದಲ್ಲಿ ಮಾತಾಡಿ ಹೊಟ್ಟೆ ಹೊರೆದವನು. ಬಾಯಿ ಒಂದು ಕಡೆ, ದನಿ ಇನ್ನೊಂದು ಕಡೆ ಇರುವುದು ನನಗೆ ದಿನದ ಕಸುಬು. ನಿಜಾಮರ ಆಳಿಕೆಯ ಆ ವರ್ಷಗಳಲ್ಲಿ ನಮ್ಮ ಕಡೆ ರೇಡಿಯೋ ಇನ್ನೂ ಹೊಸದು. ಪೆಟ್ಟಿಗೆಯೊಳಗೆ ಏನೋ ಕೂತಿದೆ ಎಂದು ಹೆದರುವವರಿದ್ದರು, ಅವರಿಗೆ ತಿಳಿಸಿ ಹೇಳುವ ಕೆಲಸವೂ ನನ್ನ ಪಾಲಿಗೆ ಬರುತ್ತಿತ್ತು. ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ಕಥೆ ಕಟ್ಟಿದ್ದಾನೆ ಎಂದರೆ ಮಾತ್ರ ಸಿಟ್ಟು ಬರುತ್ತದೆ, ಮತ್ತು ಈ ಸಂಗತಿಯ ಬಗ್ಗೆ ನನ್ನಲ್ಲಿ ಸಿಟ್ಟು ಈಗಾಗಲೇ ಬೇಕಾದಷ್ಟಿದೆ.

ಸ್ಟೇಷನ್ನು ಇದ್ದದ್ದು ರಾಜಧಾನಿ ಹೈದರಾಬಾದಿನಲ್ಲಿ. ಅಲ್ಲಿ ಕನ್ನಡಕ್ಕೆ ಸಿಗುತ್ತಿದ್ದದ್ದು ಸಂಜೆಯ ಒಂದು ಚೂರು ಹೊತ್ತು. ಆ ಚೂರಿಗೆ ಹಾಡುವವರನ್ನು ಕರೆಸುವುದು, ಅವರ ಹೆಸರು ಹೇಳುವುದು, ಹಾಡು ಮುಗಿದ ಕೂಡಲೇ ಮುಂದಿನದನ್ನು ಹೇಳುವುದು ನನ್ನ ಕೆಲಸ. ನನ್ನ ಮನೆ ಕಲಬುರಗಿಯಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ. ಪುಣೆ, ಸೊಲ್ಲಾಪುರದ ಕಡೆಯಿಂದ ಬರುವ ಗವಾಯಿಗಳು ಕಲಬುರಗಿಯಲ್ಲಿ ಇಳಿದು, ನಮ್ಮ ಮನೆಯಲ್ಲಿ ಒಂದು ದಿನ ದಣಿವಾರಿಸಿಕೊಂಡು, ನನ್ನ ಜೊತೆ ಮುಂದಿನ ರೈಲು ಹಿಡಿಯುವುದು ರೂಢಿಯಾಗಿಬಿಟ್ಟಿತ್ತು. ನಮ್ಮ ತಾಯಿ ಎಷ್ಟೋ ದೊಡ್ಡ ದೊಡ್ಡ ಕಂಠಗಳಿಗೆ ರೊಟ್ಟಿ ಬಡಿದು ಹಾಕಿದ್ದಾಳೆ.

ಅವರಲ್ಲಿ ಒಳ್ಳೆಯವರೇ ಹೆಚ್ಚು. ಸಾರಂಗಿ ನುಡಿಸುವ ಒಬ್ಬರು ತಮ್ಮೂರಿನ ನೀರನ್ನೇ ತಂಬಿಗೆಯಲ್ಲಿ ತಂದಿದ್ದರು. ನಮ್ಮ ಬಾವಿಯ ನೀರು ಕುಡಿದರೆ ತಮಗಲ್ಲ, ಸಾರಂಗಿಗೆ ನೆಗಡಿಯಾಗುತ್ತದೆ ಎಂದರು. ಮುದುಕರೊಬ್ಬರು ಕೇಳುವವರ ಮುಖ ಕಾಣದೆ ಹಾಡುವುದು ಹೇಗೆ ಎಂದು ನನ್ನನ್ನೇ ಎದುರಿಗೆ ಕೂಡಿಸಿಕೊಂಡು ಹಾಡಿದರು. ನಾನು ತಲೆದೂಗುವುದು ನಿಲ್ಲಿಸಿದರೆ ಅವರೂ ನಿಲ್ಲಿಸುವ ಹಾಗಿತ್ತು. ಅವರನ್ನೆಲ್ಲ ನೆನೆದರೆ ಇಂದಿಗೂ ಮನಸ್ಸು ಹಗುರಾಗುತ್ತದೆ. ಈಗ ಹೇಳಬೇಕಾದವನು ಬೇರೆ. ಅವನ ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಬೇಕಾದಷ್ಟು ಜನ ಹೇಳಿದ್ದಾರೆ. ಗವಾಯಿ ಎಂದರೆ ಸಾಕು.

ಅವನು ನಮ್ಮ ಮನೆಗೆ ಬಂದ ದಿನ ಕಾಶಮ್ಮನೂ ಬಂದಿದ್ದಳು. ಕಮಲಾಪುರದ ಹೆಂಗಸು, ನನ್ನ ತಾಯಿಯ ವಯಸ್ಸಿನವಳು. ಕೆಂಪು ಬಾಳೆಹಣ್ಣಿನ ಬುಟ್ಟಿ ತಂದು ಕಲಬುರಗಿಯ ಬಜಾರದಲ್ಲಿ ಮಾರಿ, ನಮ್ಮ ಅಂಗಳದಲ್ಲಿ ಒಂದಿಷ್ಟು ಹೊತ್ತು ಕಾಲು ಚಾಚಿ ಕೂತು ಹೋಗುವವಳು. ಅವತ್ತು ಕೂತಲ್ಲೇ ಒಂದು ತತ್ವಪದ ಗುನುಗುತ್ತಿದ್ದಳು. ಒಳಗೆ ಮಲಗಿದ್ದ ಗವಾಯಿ ಎದ್ದು ಬಂದ. ತಾಯೀ, ಇನ್ನೊಮ್ಮೆ ಹಾಡಿರಿ ಎಂದು ಅವಳೆದುರು ಬರಿ ನೆಲದ ಮೇಲೆ ಕೂತ. ನನಗೆ ಅವನ ಮೇಲೆ ಅಭಿಮಾನವೇ ಬಂತು.

ಆ ಪದ ಅವಳ ಗುರು ಮಸ್ತಾನಪ್ಪನದು. ಕಮಲಾಪುರದಲ್ಲಿ ಹತ್ತಿ ಹಿಂಜುತ್ತಿದ್ದ ಪಿಂಜಾರ. ಗೋಡೆಗೆ ತೂಗುಹಾಕಿದ ದೊಡ್ಡ ಬಿಲ್ಲಿನ ಹೆದೆ ಮೀಟುತ್ತ ಹತ್ತಿ ಬಿಡಿಸುವುದು, ಅದೇ ಠೇಂಕಾರದ ಮೇಲೆ ಪದ ಕಟ್ಟುವುದು. ಹಿಂದೂಗಳು ಮುಸಲ್ಮಾನರು ಎನ್ನದೆ ಊರಿನ ಭಜನೆಯವರೆಲ್ಲ ಅವನನ್ನು ಅಪ್ಪ ಎನ್ನುತ್ತಿದ್ದರು. ನಾನು ಅವನನ್ನು ನೋಡಿದವನಲ್ಲ, ನಾನು ಹುಡುಗನಿದ್ದಾಗಲೇ ತೀರಿಹೋಗಿದ್ದ. ಅವನು ಬಿಟ್ಟುಹೋದದ್ದು ಕೆಲವು ಪದಗಳು, ಪ್ರತಿ ಪದದ ಕೊನೆಯಲ್ಲಿ ಅವನ ಹೆಸರಿನ ಅಂಕಿತ. ಆ ಊರಿನ ಭಜನೆಯಲ್ಲಿ ಒಂದು ಕಟ್ಟಳೆ ಇದೆ. ಅಂಕಿತ ಬರುವ ತನಕ ಯಾರೂ ತಾಳ ಕೆಳಗಿಡುವುದಿಲ್ಲ. ಹಾಡುವವನಿಗೆ ಕೆಮ್ಮು ಬಂದು ನಿಂತರೂ, ದೀಪ ಆರಿದರೂ ತಾಳ ನಡೆಯುತ್ತಲೇ ಇರಬೇಕು. ಅಪ್ಪನ ಹೆಸರು ಬಂದ ಮೇಲೇ ಪದ ಮುಗಿದಂತೆ.

ಕಾಶಮ್ಮ ಮಧ್ಯಾಹ್ನವೆಲ್ಲ ಕೂತು ಗವಾಯಿಗೆ ಪದ ಕಲಿಸಿದಳು. ಕೇಳಿಕೊಂಡದ್ದು ಒಂದೇ, ಅಪ್ಪನ ಹೆಸರು ಬಿಡಬಾರದು. ಅವನು ತಂಬೂರಿ ಮುಟ್ಟಿ ಆಣೆ ಮಾಡಿದ. ನಾನು ಅಲ್ಲೇ ಇದ್ದೆ.

ಹೈದರಾಬಾದಿನಲ್ಲಿ ತಾಲೀಮಿಗೆ ಕೂತಾಗ ಅವನು ಅಂಕಿತದ ಸಾಲನ್ನೇ ಹಾರಿಸಿದ. ಮರೆತಿದ್ದಾನೆ ಅಂದುಕೊಂಡು ನೆನಪು ಮಾಡಿದೆ. ಅವನು ನಕ್ಕು, ರಚನೆಯೂ ತನ್ನದೇ ಎಂದು ಹೇಳಿಬಿಡು ಎಂದ. ನಾನು ಹೇಳುವುದಿಲ್ಲ ಎಂದೆ. ಆಗ ಅವನು ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಪಿಂಜಾರನ ಹೆಸರು ಕೇಳಲಿಕ್ಕೆ ಯಾರಾದರೂ ರೇಡಿಯೋ ಹಚ್ಚುತ್ತಾರೇನು?”

ಮೇಲಿನ ಸಾಹೇಬರ ಹತ್ತಿರ ಹೋದೆ. ಅವರಿಗೆ ಕನ್ನಡವೂ ಬಾರದು, ಕಮಲಾಪುರವೂ ಗೊತ್ತಿಲ್ಲ. ಬಂದವರು ಮೆಹಮಾನರು, ಅತಿಥಿಗಳು, ಮೆಹಮಾನರ ಮಾತೇ ನಡೆಯಬೇಕು ಎಂದರು. ಮೆಹಮಾನರು ಕಳ್ಳತನ ಮಾಡಿದರೆ ಏನನ್ನಬೇಕು ಎಂದು ಕೇಳಿದೆ. ತಲೆ ತಣ್ಣಗಾಗುವ ತನಕ ಊರಿಗೆ ಹೋಗಿ ಬಾ ಎಂದರು. ನನ್ನ ಜಾಗದಲ್ಲಿ ಮಾತಾಡಲು ಗೆಳೆಯನೊಬ್ಬನನ್ನು ಕೂಡಿಸಿದರು. ಅವನದೇನೂ ತಪ್ಪಿಲ್ಲ, ಹೇಳು ಎಂದದ್ದನ್ನು ಹೇಳುವವನು.

ಕಲಬುರಗಿಗೆ ಬಂದವನೇ ಮರುದಿನ ಕಮಲಾಪುರದ ಮೋಟಾರು ಹತ್ತಿದೆ. ಪ್ರಸಾರ ಅಂದೇ ಸಂಜೆ. ಕಾಶಮ್ಮನಿಗೆ ಮೊದಲೇ ತಿಳಿಸಬೇಕು, ನಾಲ್ಕು ಜನರ ನಡುವೆ ಅವಳ ಮುಖ ಕೆಳಗಾಗಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿ. ಹೋಗಿ ನೋಡಿದರೆ ಹಾಡು ಕೇಳಲು ಊರಿಗೆ ಊರೇ ತಯಾರಾಗಿತ್ತು. ಪದವನ್ನು ಹೊರಗಿನವನಿಗೆ ಕೊಟ್ಟದ್ದಕ್ಕೆ ಭಜನೆಯ ಹಿರಿಯರು ಅವಳನ್ನು ತರಾಟೆಗೆ ತೆಗೆದುಕೊಂಡಿದ್ದರಂತೆ. ಅಪ್ಪನ ಹೆಸರು ಗಾಳಿಯಲ್ಲಿ ಬರದಿದ್ದರೆ ನಾನು ಇನ್ನು ಮೇಲೆ ತಾಳ ಮುಟ್ಟುವುದಿಲ್ಲ ಎಂದು ಅವಳು ಎಲ್ಲರೆದುರು ಮಾತು ಕೊಟ್ಟಿದ್ದಳು. ಗಂಡ ಸತ್ತು, ಮಕ್ಕಳಿಲ್ಲದೆ, ಬಾಳೆಹಣ್ಣು ಹೊತ್ತು ಬದುಕುವ ಆ ಹೆಂಗಸಿಗೆ ಭಜನೆಯ ಹೊರತು ಬೇರೆ ಏನಿತ್ತು? ನಡೆದದ್ದನ್ನೆಲ್ಲ ಬಾಗಿಲಲ್ಲಿ ನಿಂತೇ ಹೇಳಿದೆ. ಅವಳು ನಂಬಲಿಲ್ಲ.

“ತಂಬೂರಿ ಮುಟ್ಟಿ ಆಣಿ ಮಾಡ್ಯಾರ ತಮ್ಮಾ,” ಎಂದಳು. “ಹಾಡೋ ಮಂದಿ ತಂಬೂರಿ ಮುಟ್ಟಿ ಸುಳ್ಳ ಹೇಳಂಗಿಲ್ಲ.”

ನನಗೆ ಆಗ ಅವಳ ಮೇಲೂ ಸಿಟ್ಟು ಬಂತು. ಇಷ್ಟು ನಂಬಬಾರದು ಮನುಷ್ಯರು.

ಚಾವಡಿಯಲ್ಲಿ ಸರಕಾರದವರು ಇಡಿಸಿದ ಬ್ಯಾಟರಿ ರೇಡಿಯೋ ಇತ್ತು. ಹೊತ್ತು ಮುಳುಗುವ ಸುಮಾರಿಗೆ ಪಟೇಲರು ಅದರ ಮರದ ಪೆಟ್ಟಿಗೆಯ ಬೀಗ ತೆಗೆದರು. ಭಜನೆಯವರು ತಾಳ ಹಿಡಿದು ಎರಡು ಸಾಲಾಗಿ ಕೂತರು, ಕಾಶಮ್ಮ ಮುಂದಿನ ಸಾಲಿನಲ್ಲಿ. ನಾನು ರೇಡಿಯೋದ ಪಕ್ಕದಲ್ಲೇ, ಗೋಡೆಗೆ ಒರಗಿ. ಗೆಳೆಯನ ದನಿ ಬಂತು. ಗವಾಯಿಯ ಹೆಸರು ಹೇಳಿ, ಸ್ವಂತ ರಚನೆ ಎಂದ. ಹಿರಿಯರೊಬ್ಬರು ತಿರುಗಿ ಕಾಶಮ್ಮನನ್ನು ನೋಡಿದರು. ಅವಳು ಪೆಟ್ಟಿಗೆಯಿಂದ ಕಣ್ಣು ಕೀಳಲಿಲ್ಲ.

ಗವಾಯಿ ಹಾಡಿದ. ಚೆನ್ನಾಗಿ ಹಾಡಿದ, ಅದೇ ನನ್ನ ಹೊಟ್ಟೆ ಉರಿಸಿದ್ದು. ಕೆಟ್ಟದಾಗಿ ಹಾಡಿದ್ದರೆ ಬೈದು ಮರೆಯಬಹುದಿತ್ತು. ಭಜನೆಯವರ ಕೈಗಳು ತಾವಾಗಿಯೇ ತಾಳ ಹಾಕತೊಡಗಿದವು. ಕೊನೆಯ ನುಡಿ ಬಂತು. ಅಂಕಿತದ ಜಾಗದಲ್ಲಿ ಅವನು ಪಲ್ಲವಿಗೆ ಹಾರಿ, ಎರಡು ತಾನ್‌ ತಿರುವಿ ಮುಗಿಸಿಬಿಟ್ಟ. ಹಾರ್ಮೋನಿಯಂ ನಿಂತಿತು.

ಚಾವಡಿಯಲ್ಲಿ ತಾಳ ನಿಲ್ಲಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಸುಮ್ಮನೆ ತಾಳ ಹಾಕುತ್ತಲೇ ಇದ್ದರು. ಕಾಶಮ್ಮನ ಕಣ್ಣಿಂದ ನೀರಿಳಿಯುತ್ತಿತ್ತು, ಕೈ ಮಾತ್ರ ತಪ್ಪಲಿಲ್ಲ. ನಾನು ಗೆಳೆಯನ ದನಿಗಾಗಿ ಕಾಯುತ್ತಿದ್ದೆ. ಹಾಡು ಮುಗಿದ ಮೇಲೆ ಒಂದು ಉಸಿರಿನಷ್ಟು ಖಾಲಿ ಬಿಟ್ಟರೂ ನಮ್ಮಲ್ಲಿ ಜುಲ್ಮಾನೆ. ಅವನ ದನಿ ಬರಲೇ ಇಲ್ಲ. ಪೆಟ್ಟಿಗೆಯಿಂದ ಬರಿಯ ಸುಯ್ಯೆನ್ನುವ ಸದ್ದು. ಅದು ಹಾಗೇ ಎಷ್ಟೋ ಹೊತ್ತು ನಡೆಯಿತು.

ಆಮೇಲೆ ಬಿಲ್ಲಿನ ಹೆದೆ ಮೀಟಿದ ಸದ್ದು ಬಂತು. ಭಾರವಾದ, ಒಣ ಠೇಂಕಾರ. ಅದರ ಹಿಂದೆಯೇ ಒಬ್ಬ ಗಂಡಸಿನ ದನಿ. ವಯಸ್ಸಾದದ್ದು, ಗಂಟಲಲ್ಲಿ ಹತ್ತಿಯ ಧೂಳು ಕೂತವರ ಹಾಗೆ ಒರಟಾದದ್ದು. ಅವಸರವಿಲ್ಲದೆ ಹಾಡಿತು:

ಕಸವ ಕಳೆದು ಕೊಟ್ಟಾನ ಹತ್ತಿ
ಕಮಲಾಪುರದ ಮಸ್ತಾನ.

ಒಂದೇ ಸಲ. ತಾಳಗಳೆಲ್ಲ ಒಟ್ಟಿಗೆ ನೆಲಕ್ಕೆ ಇಳಿದವು. ಕಾಶಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಅಷ್ಟರಲ್ಲಿ ಗೆಳೆಯನ ದನಿ ಬಂತು, ಏನೂ ಆಗದವನ ಹಾಗೆ, ಈಗ ಖಬರುಗಳು ಎಂದ.

ನಾನು ಅವರೆಲ್ಲರ ಬಾಯಿ ನೋಡುತ್ತಲೇ ಇದ್ದೆ. ಯಾರ ತುಟಿಯೂ ಅಲ್ಲಾಡಿರಲಿಲ್ಲ. ಪೆಟ್ಟಿಗೆಯ ಹಿಂದೆ ಕೈ ಹಾಕಿ ನೋಡಿದೆ, ಚಾವಡಿಯ ಸುತ್ತ ಓಡಿ ಬಂದೆ. ಹಿಂದೆ ಒಂದು ಗೋಡೆ, ಗೋಡೆಯ ಆಚೆ ಬಯಲು, ಬಯಲಲ್ಲಿ ಯಾರೂ ಇಲ್ಲ. ಹಿಂದಿರುಗಿ ಬಂದಾಗ ಹಿರಿಯರು ಕಾಶಮ್ಮ ಕೆಳಗಿಟ್ಟಿದ್ದ ತಾಳವನ್ನು ತಿರುಗಿ ಅವಳ ಕೈಗೆ ಕೊಡುತ್ತಿದ್ದರು. ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಬರಬೇಕಾದ್ದು ಬಂತು, ಅಷ್ಟೇ ಎನ್ನುವ ಹಾಗಿದ್ದರು.

ಮರುದಿನ ಕಲಬುರಗಿಯಲ್ಲಿ ಕೋಟೆಯ ಹತ್ತಿರದ ಗಡಿಯಾರ ರಿಪೇರಿಯ ಚಾಚಾ ಅವರನ್ನು ಕೇಳಿದೆ. ಹಾಡಿನ ಹುಚ್ಚಿನ ಮನುಷ್ಯ, ಪ್ರಸಾರ ಬಿಡುವವರಲ್ಲ. ಪೂರಾ ಕೇಳಿದೆ, ಗಾನಾ ಮುಗಿದದ್ದೇ ತಡ ಖಬರು ಶುರುವಾಯಿತು, ನಡುವೆ ಏನೂ ಬರಲಿಲ್ಲ ಎಂದರು. ಹೈದರಾಬಾದಿಗೆ ಕೆಲಸಕ್ಕೆ ಹಿಂದಿರುಗಿದ ಮೇಲೆ ಗೆಳೆಯನೂ ಅದನ್ನೇ ಹೇಳಿದ. ನಿನ್ನ ಹಾಗೆ ನಾನೂ ನೌಕರಿ ಮಾಡುವವನಪ್ಪ, ಖಾಲಿ ಬಿಡುತ್ತೇನೆಯೇ ಎಂದ. ಮಷಿನ್ ನೋಡಿಕೊಳ್ಳುವ ಇಂಜಿನಿಯರರು ಬೇರೆ ದೇಶದ ಸ್ಟೇಷನ್ನು ನಡುವೆ ನುಗ್ಗಿರಬೇಕು ಎಂದರು. ಯಾವ ದೇಶದಲ್ಲಿ ಕಮಲಾಪುರದ ಮಸ್ತಾನನನ್ನು ಹಾಡುತ್ತಾರೆ, ಹೇಳಿ ಎಂದು ನಾನು ಅವರ ಮೇಜು ಗುದ್ದಿದೆ. ನೀವೆಲ್ಲ ಕೂಡಿ ಕಲ್ಪಿಸಿಕೊಂಡಿರಿ ಎನ್ನುವವರು ಆಮೇಲೂ ಸಿಕ್ಕರು. ದನಿಯನ್ನು ಕಲ್ಪಿಸಿಕೊಂಡೆವು ಎಂದೇ ಇಟ್ಟುಕೊಳ್ಳೋಣ. ಆ ಖಾಲಿ ಹೊತ್ತು ಎಲ್ಲಿಂದ ಬಂತು? ಎಲ್ಲ ಊರಿನಲ್ಲೂ ಒಂದೇ ಆಗಿ ಓಡುವ ಹೊತ್ತು ಕಮಲಾಪುರದಲ್ಲಿ ಮಾತ್ರ ಹೇಗೆ ನಿಂತಿತು?

ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಗವಾಯಿಗೆ ಆ ಪದದಿಂದ ಹೆಸರು ಬಂತು. ಊರೂರಿನಲ್ಲಿ ಅದನ್ನೇ ಹಾಡಿಸಿದರು, ಶಾಲು ಹೊದಿಸಿದರು, ಗ್ರಾಮಫೋನ್ ತಟ್ಟೆಯ ಮೇಲೂ ಅವನದೇ ಹೆಸರು. ಯಾವ ದನಿಯೂ ಅವನನ್ನು ತಡೆಯಲಿಲ್ಲ. ಮತ್ತೆ ರಜೆ ಸಿಕ್ಕಾಗ ಕಮಲಾಪುರಕ್ಕೆ ಹೋಗಿ ಕಾಶಮ್ಮನನ್ನು ಕೇಳಿಯೇಬಿಟ್ಟೆ. ನಿಮ್ಮ ಅಪ್ಪ ಚಾವಡಿಗೆ ಬರುವಷ್ಟು ಗಟ್ಟಿಗನಾದರೆ, ಹೈದರಾಬಾದಿಗೆ ಹೋಗಿ ಆ ಕಳ್ಳನ ಗಂಟಲು ಯಾಕೆ ಹಿಡಿಯಲಿಲ್ಲ? ಇಡೀ ಸಂಸ್ಥಾನ ಕೇಳುವಲ್ಲಿ ಯಾಕೆ ಹೇಳಲಿಲ್ಲ?

ಅವಳು ಬುಟ್ಟಿಗೆ ಹಣ್ಣು ತುಂಬುತ್ತಿದ್ದಳು. “ನನಗ ಹೇಳ್ಲಾಕ ಅಪ್ಪ ಬಂದಿದ್ದ ತಮ್ಮಾ,” ಎಂದಳು. “ಊರಿಗೆಲ್ಲ ಹೇಳ್ಲಾಕ ನೀ ಇದ್ದೀಯಲ್ಲ.”

ಆ ಮಾತು ಹೊತ್ತುಕೊಂಡೇ ಹೈದರಾಬಾದಿಗೆ ಹೋದೆ. ಮುಂದಿನ ಪ್ರಸಾರದಲ್ಲಿ ಯಾರದೋ ಹಾಡು ಮುಗಿಯಿತು. ಮುಂದಿನದನ್ನು ಹೇಳುವ ಬದಲು, ಎಲ್ಲರೂ ಈಗ ಹಾಡುತ್ತಿರುವ ಆ ಪದ ಗವಾಯಿಯದಲ್ಲ, ಕಮಲಾಪುರದ ಪಿಂಜಾರ ಮಸ್ತಾನಪ್ಪನದು ಎಂದೆ. ಅಂಕಿತದ ಸಾಲನ್ನೂ ಓದಿದೆ, ಎರಡು ಸಲ. ಹೊರಗೆ ಬರುವಷ್ಟರಲ್ಲಿ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಅವರು ಬಾಯಿ ಬಿಡುವ ಮೊದಲೇ ಟೋಪಿ ತೆಗೆದುಕೊಂಡು ನಡೆದೆ. ಆ ನೌಕರಿ ಅಲ್ಲಿಗೆ ಮುಗಿಯಿತು. ಅದಕ್ಕೆ ನನಗೆ ದುಃಖವಿಲ್ಲ.

ಕಮಲಾಪುರಕ್ಕೆ ಹೋದೆ. ಈ ಸಲ ಕೇಳಿದಿರಾ ಎಂದು ಚಾವಡಿಯಲ್ಲಿ ವಿಚಾರಿಸಿದೆ. ಪಟೇಲರು ನಾಚಿಕೊಂಡರು. ಬ್ಯಾಟರಿ ತೀರಿತ್ತು, ತುಂಬಿಸಲು ಕಲಬುರಗಿಗೆ ಕಳಿಸಿದ್ದರು, ಆ ವಾರವೆಲ್ಲ ರೇಡಿಯೋ ಮೂಕವಾಗಿತ್ತು. ಮಸ್ತಾನಪ್ಪನ ಹೆಸರು ನಿಜವಾಗಿ ಗಾಳಿಯಲ್ಲಿ ಬಂದ ದಿನ ಅವನ ಊರಿನಲ್ಲಿ ಕೇಳುವವರೇ ಇರಲಿಲ್ಲ. ಯಾರೂ ಹೇಳದ ದಿನ ಊರೆಲ್ಲ ಕೇಳಿತ್ತು. ಇದನ್ನು ಹೇಳಿದರೆ ಕಾಶಮ್ಮ ನಕ್ಕಳು. ನನಗೆ ಇವತ್ತಿಗೂ ನಗು ಬರುವುದಿಲ್ಲ.