ಬೆಲ್ಲ ನೀರಿನ ಹುಡುಗಿ

ನಾನು ಮೂರನೆಯ ಕ್ಲಾಸು ಕಲಿತವಳು. ಚಿತ್ರ, ಕಲೆ ಎಂದರೆ ಏನೂ ತಿಳಿಯದು. ಆದರೂ ಅರುವತ್ತರ ಇಸವಿಯ ಆಚೀಚೆ ಒಮ್ಮೆ ಮೂಡಬಿದ್ರೆಯ ಶಾಲೆಯ ಹಾಲಿಗೆ ಚಿತ್ರ ಪ್ರದರ್ಶನಕ್ಕೆ ಹೋದೆ. ಚಂದ ನೋಡಲಿಕ್ಕಲ್ಲ. ಒಬ್ಬಳಿಗೆ ಅವಳ ಮಾತನ್ನೇ ತಿರುಗಿ ತಿನ್ನಿಸಲಿಕ್ಕೆ.

ಆ ಮಾತು ಹುಟ್ಟಿದ್ದು ತೋಡಾರಿನ ನನ್ನ ತವರಿನ ಅಂಗಳದಲ್ಲಿ, ನನ್ನನ್ನು ನೋಡಲು ಗಂಡಿನವರು ಬಂದ ದಿನ. ಬಂದವರಿಗೆ ಬೆಲ್ಲ ನೀರು ಕೊಟ್ಟವಳು ನಾನೇ. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನ ತಾಯಿ ಬೆಲ್ಲ ಕಚ್ಚಿ, ನೀರು ಕುಡಿದು, ಅವಲಕ್ಕಿಯನ್ನು ಮತ್ತೊಮ್ಮೆ ಹಾಕಿಸಿಕೊಂಡು ತಿಂದು, ಅಂಗಳ ಇಳಿಯುವಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇವಳನ್ನು ಮನೆ ತುಂಬಿಸಿಕೊಂಡರೆ ಹಗಲಿಗೂ ದೀಪ ಹಚ್ಚಬೇಕಾದೀತು." ಹುಡುಗ ತುಟಿ ಬಿಚ್ಚಲಿಲ್ಲ.

ಮಾತಿಗೆ ಕಾಲು ಬಂತು. ಆಮೇಲೆ ಬಂದವರೆಲ್ಲ ಅದನ್ನು ಕೇಳಿಕೊಂಡೇ ಬರುತ್ತಿದ್ದರು. ಕೊನೆಗೆ ನನ್ನನ್ನು ಅಳದಂಗಡಿ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರು. ಅವರು ಬಣ್ಣ ಕೇಳಲಿಲ್ಲ, ನಾವು ಪ್ರಾಯ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ತವರಿಗೆ ಬಂದಿದ್ದಾಗ ಅಣ್ಣನ ಹೆಂಡತಿ ಪೇಟೆಯಿಂದ ಏದುಸಿರು ಬಿಡುತ್ತಾ ಬಂದಳು.

"ಮಾರಾಯ್ತಿ, ಶಾಲೆಯಲ್ಲಿ ಹೊಸ ಹುಡುಗರು ಬರೆದ ಚಿತ್ರ ಇಟ್ಟಿದ್ದಾರೆ. ಅದರಲ್ಲಿ ನಿನ್ನದೂ ಒಂದು ಉಂಟು!"

"ಬರೆದದ್ದು ಯಾರು?"

"ಅವನೇ, ಹಗಲಿಗೆ ದೀಪದವಳ ಮಗ."

"ತಾಯಿ ಇದ್ದಾಳಾ ಅಲ್ಲಿ?"

"ಕುರ್ಚಿ ಹಾಕಿ ಕೂತಿದ್ದಾಳೆ. ಬಂದವರಿಗೆಲ್ಲ ಅವಳೇ ತೋರಿಸುವುದು."

"ಹಾಗಾದರೆ ಹೋಗುವ. ಈಗಲೇ."

ಶಾಲೆಯ ಹಾಲಿನ ಗೋಡೆಗಳಲ್ಲಿ ಗುಡ್ಡ, ದೋಣಿ, ಕಂಬಳದ ಕೋಣ, ಯಾರೋ ಮುದುಕನ ಗಡ್ಡ. ಒಂದರ ಮುಂದೆಯೂ ನಿಲ್ಲಲಿಲ್ಲ. ನಡುಗೋಡೆಯಲ್ಲಿ ನಾನಿದ್ದೆ. ಕೈಯಲ್ಲಿ ಚೆಂಬು, ಬೆಲ್ಲದ ತಟ್ಟೆ. ಬಲಗೈಯ ಮಣಿಕಟ್ಟಿನಲ್ಲಿ ಭತ್ತ ಬೇಯಿಸುವ ಹಂಡೆ ತಾಗಿ ಸುಟ್ಟ ಕಲೆ. ತಲೆ ತಗ್ಗಿಸಿ ಕೂತವನು ಇಷ್ಟೆಲ್ಲ ನೋಡಿದ್ದ! ಕಣ್ಣಿತ್ತು, ಬಾಯಿ ಇರಲಿಲ್ಲ.

ತಾಯಿಗೆ ನನ್ನ ಗುರುತು ಹತ್ತಲಿಲ್ಲ. ಸೆರಗಿನೊಳಗೆ ಕೈ ಮುಚ್ಚಿಕೊಂಡು ಹತ್ತಿರ ಹೋದೆ.

"ಹುಡುಗಿ ಲಕ್ಷಣ ಇದ್ದಾಳೆ ಅಲ್ವಾ ಅಮ್ಮ?"

"ಮತ್ತೆ! ಎಲ್ಲರೂ ಇದರ ಮುಂದೆಯೇ ನಿಲ್ಲುವುದು. ನನ್ನ ಮಗನ ಕೈ."

"ಸ್ವಲ್ಪ ಕಪ್ಪು."

"ಕಪ್ಪಾದರೆ ಏನು? ಮುಖದಲ್ಲಿ ಕಳೆ ಉಂಟಲ್ಲ!"

"ಇಂಥವಳು ಸಿಕ್ಕಿದ್ದರೆ ಸೊಸೆ ಮಾಡಿಕೊಳ್ತಿದ್ದಿರಾ?"

"ಕೈ ಹಿಡಿದು ಕರಕೊಂಡು ಬರ್ತಿದ್ದೆ!"

ಸುತ್ತ ನಿಂತ ಹೆಂಗಸರೆಲ್ಲ ಕೇಳಿಸಿಕೊಂಡರು. ನನಗೆ ಬೇಕಾದದ್ದೂ ಅದೇ. ಸೆರಗಿನಿಂದ ಬಲಗೈ ತೆಗೆದು ಚಿತ್ರದ ಕೈಯ ಪಕ್ಕ ಹಿಡಿದೆ.

"ಬಂದಿದ್ದೇನೆ. ದೀಪ ಹಚ್ಚಿ."

ಅವಳು ಕಲೆ ನೋಡಿದಳು, ನನ್ನನ್ನು ನೋಡಿದಳು. ಅಣ್ಣನ ಹೆಂಡತಿ ಉಳಿದ ಕತೆಯನ್ನು, ಅವಲಕ್ಕಿಯನ್ನೂ ಬಿಡದೆ, ಹೆಂಗಸರಿಗೆ ಒಪ್ಪಿಸಿದಳು. ಯಾರೋ ಕಿಸಕ್ಕನೆ ನಕ್ಕರು.

ಹುಡುಗ ಓಡಿ ಬಂದ. "ತಪ್ಪಾಯ್ತು. ಈ ಚಿತ್ರ ನಿಮಗೇ ಕೊಡ್ತೇನೆ, ಮನೆಗೆ ತಗೊಂಡು ಹೋಗಿ." ಅಂದು ಬೇಕಿದ್ದ ಬಾಯಿ ಈಗ ಬಂದಿತ್ತು.

"ನನಗೆ ಯಾಕೆ? ನನ್ನ ಮುಖ ನನ್ನ ಹತ್ತಿರ ಉಂಟು. ನಿಮ್ಮ ಚಾವಡಿಯಲ್ಲಿ ತೂಗಿಸಿ. ಅಮ್ಮ ಊಟಕ್ಕೆ ಕೂತರೆ ಎದುರಿಗೇ ಕಾಣಬೇಕು."

ತೂಗಿಸಿದ. ಅಣ್ಣನ ಹೆಂಡತಿ ಯಾವುದೋ ಕಾರ್ಯದ ಊಟಕ್ಕೆ ಅವರ ಮನೆಗೆ ಹೋದವಳು ಕಣ್ಣಾರೆ ನೋಡಿ ಬಂದಳು. ಮುದುಕಿ ಚಿತ್ರಕ್ಕೆ ಬೆನ್ನು ಹಾಕಿ ಉಣ್ಣುತ್ತಿದ್ದಳಂತೆ.

ಮೊಮ್ಮಕ್ಕಳು ಕೇಳುತ್ತಾರೆ, "ಪಾಪ ಅನ್ನಿಸಲಿಲ್ಲವಾ ಅಜ್ಜಿ?" ಇಲ್ಲ. ಆ ಸುದ್ದಿ ಕೇಳಿದ ದಿನ ನಾನು ಒಂದು ಸೌಟು ಗಂಜಿ ಹೆಚ್ಚಿಗೆ ಉಂಡಿದ್ದೆ.