ಬಾವಲಿ ಬನಕ್ಕೆ ಹೊದಿಸಿದ ಶಾಲು

ಮೊದಲು ನೆನಪಾಗುವುದು ಆ ಗದ್ದಲ. ನೈರೋಬಿಯ ಕಿಲಿಮಾನಿಯಲ್ಲಿದ್ದ ನನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಗೆಳತಿ ತನ್ನ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಿದ್ದಳು. ಚೀರಾಟ, ಕಿತ್ತಾಟ, ನಡುವೆ ಒದ್ದೆ ಸೀರೆ ಕೊಡವಿದಂಥ ಪಟಪಟ. ಮದುವೆಮನೆಯಲ್ಲಿ ಮೊದಲ ಪಂಕ್ತಿಯ ಎಲೆಗಾಗಿ ಹೆಂಗಸರು ಜಗಳಕ್ಕೆ ನಿಂತ ಹಾಗೆ.

"ಏನೇ ಇದು? ಯಾರ ಮನೆ ಫಂಕ್ಷನ್ನು?"

"ನನ್ನ ಮಕ್ಕಳು ಕಣೇ. ಮಲಗೋಕ್ಮುಂಚೆ ಕೊಂಬೆಗೆ ಜಗಳ. ಜಸ್ಟ್ ಲಿಸನ್! ನಮ್ಮ ಹಾಸ್ಟೆಲ್ಲೇ!"

ಮಕ್ಕಳೆಂದರೆ ಆಫ್ರಿಕಾದ ಪೂರ್ವ ಕರಾವಳಿಯಾಚೆಯ ಪೆಂಬಾ ದ್ವೀಪದ ಹಣ್ಣುಬಾವಲಿಗಳು. ನರಿಯ ಮುಖ, ಕೆಂಚು ಮೈ, ತೋಳು ಚಾಚಿದಷ್ಟು ಅಗಲದ ರೆಕ್ಕೆ. ಆ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಅವಳೂ ನಾನೂ ಒಂದೇ ಬೆಂಚು. ನಾನು ಡಾಕ್ಟರ್ ಗಂಡನ ಹಿಂದೆ ನೈರೋಬಿಗೆ ಬಂದವಳು, ಅವಳು ಇಲ್ಲಿನ ಕಾಲೇಜೊಂದರಲ್ಲಿ ಜುವಾಲಜಿ ಕಲಿಸಲು ಒಬ್ಬಳೇ ಬಂದವಳು. ಮದುವೆಯಾಗಲಿಲ್ಲ. ರಜೆ ಬಂತೆಂದರೆ ದ್ವೀಪ. ನಿವೃತ್ತಿಯ ಮೇಲಂತೂ ದ್ವೀಪವೇ ಮನೆ, ನೈರೋಬಿಯ ಲೊರೆಶೋದಲ್ಲಿದ್ದ ಮನೆ ಬರೀ ಗೋಡೌನು. ಅಲ್ಲಿ ಕುರ್ಚಿ ಮೇಲೆಲ್ಲ ಬಲೆ, ಡಬ್ಬ, ಟಾರ್ಚು. ಕೂರಲು ಜಾಗ ಹುಡುಕಿದರೆ ನಗುತ್ತಿದ್ದಳು: "ಬಾವಲಿ ಮನೆಗೆ ನೆಂಟ್ರು ಬಂದ ಹಾಗಾಯ್ತು. ನಾನೂ ಜೋತುಬಿದ್ದಿದೀನಿ, ನೀನೂ ಜೋತುಬೀಳು."

ದ್ವೀಪದ ಕಾಡು ಲವಂಗದ ತೋಟಕ್ಕೆ, ಸೌದೆಗೆ, ಮನೆಗಳಿಗೆಂದು ಯಾವಾಗಲೋ ಹೋಗಿತ್ತು. ಆ ಭಾಗದಲ್ಲಿ ಉಳಿದಿದ್ದು ಹಳೆಯ ಗೋರಿಗಳ ಸುತ್ತಲ ಒಂದು ಬನ ಮಾತ್ರ. ಸತ್ತವರ ಮೇಲಿನ ಗೌರವಕ್ಕೆ ಅಲ್ಲಿ ಯಾರೂ ಕೊಡಲಿ ಎತ್ತುತ್ತಿರಲಿಲ್ಲ. ಬಾವಲಿಗಳೆಲ್ಲ ಅಲ್ಲಿಗೇ ಬಂದು ಜೋತುಬಿದ್ದಿದ್ದವು. ಈಗ ಅದರ ಹಿಂದಿನ ದಿಣ್ಣೆಯಲ್ಲಿ ಹೋಟೆಲು ಬರುತ್ತಿತ್ತು. ಹೋಟೆಲಿನ ಕಿಟಕಿಗೂ ಕಡಲಿಗೂ ನಡುವೆ ಬನ ಅಡ್ಡ. ಗೋರಿ ಮುಟ್ಟುವುದಿಲ್ಲ, ಮರ ಮಾತ್ರ ತೆಗೆಯುತ್ತೇವೆ ಅಂದಿದ್ದರಂತೆ.

ಕಟ್ಟಿಸುತ್ತಿದ್ದವರು ಯಾರು ಗೊತ್ತೆ? ನಮ್ಮ ಕನ್ನಡ ಕೂಟದ ಅಧ್ಯಕ್ಷರು. ಅದು ತಿಳಿದ ದಿನ ಅವಳು ಹಬ್ಬದ ಹಾಗೆ ಫೋನ್ ಮಾಡಿದಳು. "ನಮ್ಮವನೇ ಕಣೇ! ಇಂಗ್ಲಿಷ್‌ನಲ್ಲಿ ಪೆಟಿಷನ್ ಬರೆದೂ ಬರೆದೂ ಸಾಕಾಗಿತ್ತು. ಕನ್ನಡದಲ್ಲಿ ಹೇಳಿದ್ರೆ ಕೇಳದೆ ಇರ್ತಾನಾ?"

ನಮ್ಮವರು! ಪರದೇಶದಲ್ಲಿ ನಾವು ಮಾಡುವ ತಪ್ಪು ಇದೊಂದೇ, ಮಾಡುತ್ತಲೇ ಇರುತ್ತೇವೆ.

ರಾಜ್ಯೋತ್ಸವದ ದಿನ ಕಸರಾನಿಯ ಹಾಲ್‌ನಲ್ಲಿ ಅವಳಿಗೆ ಮಾತಾಡಲು ಸಮಯ ಕೊಟ್ಟರು. ಪರದೆಯ ಮೇಲೆ ಬಾವಲಿ ಮೂಡಿದ್ದೇ, ನನ್ನ ಹಿಂದಿನ ಸಾಲಿನ ಬ್ಯಾಂಕಿನವರ ಹೆಂಡತಿ, "ಅಯ್ಯೋ, ಹಬ್ಬದ ದಿನ ಇದರ ದರ್ಶನನಾ? ಇಲ್ಲೇ ಪಾರ್ಕಲ್ಲಿ ಸಿಂಹ ಇಟ್ಕೊಂಡು ಬಾವಲಿಗೆ ಅಳ್ತಾರಲ್ಲ," ಎಂದಳು. ಅವಳ ಮಗಳು, "ಅಮ್ಮಾ, ದೇ ಆರ್ ಸೋ ಕ್ಯೂಟ್," ಎಂದಿತು. ಆ ಸಭೆಯಲ್ಲಿ ಬಾವಲಿಯ ಪರ ಬಿದ್ದ ಮತ ಅದೊಂದೇ.

ಗೆಳತಿಯ ಮಾತು ಮುಗಿಯುವ ಮೊದಲೇ ಅಧ್ಯಕ್ಷರು ವೇದಿಕೆ ಹತ್ತಿ ಅವಳ ಕಾಲಿಗೆ ನಮಸ್ಕರಿಸಿದರು. ಕಾಲು ಮುಟ್ಟಿದವನ ಮೇಲೆ ಜಗಳ ಮಾಡಲು ನಮಗೆ ಕಾನ್ವೆಂಟಿನ ಯಾವ ಸಿಸ್ಟರೂ ಕಲಿಸಿರಲಿಲ್ಲ.

"ಆಂಟಿ, ನೀವು ನನಗೆ ತಾಯಿ ಸಮಾನ. ಒಂದು ಮರ ತೆಗೆದ್ರೆ ಹತ್ತು ನೆಡಿಸ್ತೀನಿ. ಸಿಲ್ವರ್ ಓಕ್! ನಮ್ಮ ಚಿಕ್ಕಮಗಳೂರು ತೋಟಗಳಲ್ಲಿ ನೋಡಿ, ಇಲ್ಲಿ ಕೀನ್ಯಾದಲ್ಲೂ ನೋಡಿ, ಎಷ್ಟು ಸ್ಟ್ರೇಟಾಗಿ, ಎಷ್ಟು ಫಾಸ್ಟಾಗಿ ಬರತ್ತೆ!"

ಚಪ್ಪಾಳೆಯೋ ಚಪ್ಪಾಳೆ.

"ಅದು ಕಂಬದ ಹಾಗೆ ನೆಟ್ಟಗೆ ಹೋಗತ್ತಪ್ಪಾ," ಅವಳು ಹೇಳುತ್ತಿದ್ದಳು. "ಇವಕ್ಕೆ ಅಡ್ಡ ಕೊಂಬೆ ಬೇಕು, ಹಳೇ ಮರ ಬೇಕು. ಅದೂ ಇವತ್ತು ರಾತ್ರಿ ಬೇಕು, ನನ್ನ ತಿಥಿ ಆದ್ಮೇಲಲ್ಲ." ಮೈಕು ಆಗಲೇ ಆರಿತ್ತು. ಅವಳ ಮಾತು ಇನ್ನೂ ಮುಗಿದಿಲ್ಲ ಎಂದು ನಾನು ಎದ್ದು ನಿಂತು ಕೂಗಿದೆ. ನಿರೂಪಕಿ ನಕ್ಕಳು: "ಆಫ್ಟರ್ ಲಂಚ್ ಪ್ಲೀಸ್, ಆಂಟಿ." ಬಿಸಿಬೇಳೆಬಾತಿನ ನಂತರ ಇದ್ದದ್ದು ತಂಬೋಲ.

ಬೇಸಿಗೆಯಲ್ಲಿ ಬನ ಹೋಯಿತು. ಅವಳು ಹೋಗಿ ನೋಡಿಕೊಂಡು ಬಂದು, ಮತ್ತೆ ನನ್ನ ಅಡುಗೆಮನೆಯಲ್ಲಿ ಫೋನು ಕಿವಿಗೆ ಒತ್ತಿದಳು. ಗಾಳಿ. ಜನರೇಟರು. ಒಂದು ಕಾಗೆ.

"ಎಲ್ಲಿಗೆ ಹೋದವೇ?"

"ಹೋಗೋಕೆ ಹತ್ತಿರದಲ್ಲಿ ಇನ್ನೊಂದು ಬನ ಇದ್ರೆ ತಾನೇ. ಸ್ವಲ್ಪ ದಿನ ಬೆಳಗಿನ ಜಾವ ಬಂದು ಗೋರಿ ಮೇಲೆ ಸುತ್ತಿ ಸುತ್ತಿ ಹೋದ್ವಂತೆ." ಕಾಫಿ ಕುಡಿಯಲಿಲ್ಲ.

ಮರುವರ್ಷದ ರಾಜ್ಯೋತ್ಸವಕ್ಕೆ ಇನ್ವಿಟೇಷನ್ ಬಂತು: ಪರಿಸರ ಪ್ರೇಮಿಗಳಿಗೆ ಸನ್ಮಾನ. ಅಧ್ಯಕ್ಷರಿಗೆ ಮತ್ತು ಇವಳಿಗೆ, ಜಂಟಿಯಾಗಿ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೇ? ನಾನು ಹೋಗಬೇಡವೆಂದೆ.

"ಹೋಗ್ತೀನಿ. ಸನ್ಮಾನ ಆದ್ಮೇಲೆ ಎರಡು ಮಾತು ಅಂತ ಕೇಳೇ ಕೇಳ್ತಾರೆ. ದ್ವೀಪದ ಉತ್ತರದ ತುದೀಲಿ ಇನ್ನೊಂದು ಚಿಕ್ಕ ಬನ ಉಳಿದಿದೆ ಕಣೇ. ಅದನ್ನ ಬಿಡ್ರೋ ಅಂತ ಹೇಳೋಕೆ ಎರಡು ಮಾತು ಸಾಕು ನನಗೆ."

ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಪರದೆಯ ಮೇಲೆ ಸಿಲ್ವರ್ ಓಕಿನ ಸಸಿಗಳ ಸಾಲು. ಫೋಟೋ ಆಯಿತು. ಅವಳು ಮೈಕಿನ ಕಡೆ ತಿರುಗಿ ಬಾಯಿ ತೆರೆದಳು. ಡ್ಯಾನ್ಸಿನ ಹಾಡು ಶುರುವಾಯಿತು. ಜರಿಲಂಗದ ಪುಟ್ಟ ಹುಡುಗಿಯೊಂದು ಅವಳ ಸೆರಗು ಜಗ್ಗಿ, "ಎಕ್ಸ್‌ಕ್ಯೂಸ್ ಮಿ ಆಂಟಿ, ವಿ ಆರ್ ನೆಕ್ಸ್ಟ್," ಎಂದಿತು. ಇವಳು ಇಳಿದಳು.

ಅದಾಗಿ ಕೆಲವು ತಿಂಗಳಿಗೆ, ಊರಿಗೆ ಹೋಗಿದ್ದ ಅವಳು ಮೈಸೂರಿನ ತಮ್ಮನ ಮನೆಯಲ್ಲಿ ತೀರಿಕೊಂಡಳು. ಕೂಟದ ವಾಟ್ಸಾಪ್ ಗುಂಪಿನಲ್ಲಿ ಪೇಟ ಶಾಲಿನ ಅದೇ ಫೋಟೋ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಓಂ ಶಾಂತಿ. ಅಧ್ಯಕ್ಷರು, ಅಮ್ಮನ ಕನಸನ್ನು ಮುಂದುವರಿಸೋಣ ಎಂದು ಬರೆದಿದ್ದರು. ಉತ್ತರದ ಬನ ಏನಾಯಿತೆಂದು ಕೇಳಿದೆ. ಅದಕ್ಕೂ ಒಂದು ಕೈಮುಗಿದ ಚಿತ್ರ ಬಂತು. ಗುಂಪು ಬಿಟ್ಟೆ.

ಆ ಫೋಟೋದಲ್ಲಿರುವುದು ನಾನು ಕೊನೆಯದಾಗಿ ಕಂಡ ಮುಖವಲ್ಲ. ಅವತ್ತು ಹಾಲಿನಿಂದ ಅವಳ ಹಿಂದೆಯೇ ಗೇಟಿನವರೆಗೆ ಓಡಿದ್ದೆ. ಹಣ್ಣಿನ ಬುಟ್ಟಿಯನ್ನು ಅವಳು ಕಾವಲುಗಾರನ ಕೈಗಿಟ್ಟಾಗಿತ್ತು. ಅವನು, "ಅಸಾಂಟೆ, ಮಾಮಾ," ಥ್ಯಾಂಕ್ಸ್ ಅಮ್ಮಾ, ಎಂದು ಸ್ವಾಹಿಲಿಯಲ್ಲಿ ಹೇಳುತ್ತಿದ್ದ. "ಇರೇ, ಟ್ಯಾಕ್ಸಿ ಕರೀತೀನಿ," ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಊರೊಳಗೆ ಹೋಗುವ ಮಟಾಟು ವ್ಯಾನು ಜೋರಾಗಿ ಹಾಡು ಹಾಕಿಕೊಂಡು ಬಂದು ನಿಂತಿತು. ಹತ್ತುವಾಗ ಪೇಟ ಬಾಗಿಲಿಗೆ ತಗುಲಿ ಓರೆಯಾಯಿತು. ಒಳಗಿದ್ದವರು ನಕ್ಕರು. ಅವಳು ಮೆಟ್ಟಿಲ ಮೇಲೆ ನಿಂತು, ಕಾನ್ವೆಂಟಿನಲ್ಲಿ ಅಸೆಂಬ್ಲಿಗೆ ಮುಂಚೆ ಜಡೆಯ ರಿಬ್ಬನ್ ಸರಿಮಾಡಿಕೊಳ್ಳುತ್ತಿದ್ದ ಹಾಗೆ, ಎರಡೂ ಕೈಯಿಂದ ಅದನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಹೋದಳು.